ಎರಡನೇ ಕ್ಯಾಸೆಟ್ಟು

ನೂಲಿಗೆ ಸವರಿದ ಗಂಜಿಯ ಹುಳಿವಾಸನೆಯಲ್ಲೇ ಹನಮವ್ವ ಹುಟ್ಟಿ ಬೆಳೆದವಳು. ಮಗ ಚಂದಪ್ಪ ಕುವೈತಿಗೆ ಹೋದಂದಿನಿಂದ ಮನೆಯ ಮಗ್ಗ ನಿಂತಿತ್ತು. ಆ ವಾಸನೆ ಈಗ ಪಕ್ಕದ ಕನಕಪ್ಪನ ಮನೆಯಿಂದಷ್ಟೇ ಬರುತ್ತಿತ್ತು. ಚಂದಪ್ಪ ತನ್ನ ಮಾತು ತುಂಬಿ ಕಳಿಸಿದ್ದು ಒಂದೇ ಕ್ಯಾಸೆಟ್ಟು. ಸೊಸೆ ಮಾದೇವಿ ಇವತ್ತು ಬಾಣಂತನಕ್ಕೆ ಬಾಗಲಕೋಟೆಯ ತವರಿಗೆ ಹೊರಟಿದ್ದಳು, ಅಲ್ಲಿಯೂ ಟೇಪಿತ್ತು. ಅವಳು ಕ್ಯಾಸೆಟ್ಟನ್ನು ಗಂಟಿನಲ್ಲಿಟ್ಟು, ಮತ್ತೆ ತೆಗೆದು, ಇದ್ದಲ್ಲೇ ಇಡುವುದನ್ನು ಹನಮವ್ವ ನೋಡಿದಳು. ಅದರದೊಂದು ನಕಲು ಮಾಡಿಸಲು ಟೇಪ್ ರಿಪೇರಿ ಮಾಡುವ ಅಬ್ದುಲಸಾಬನನ್ನು ಕರೆಸಿದಳು.

ಅಬ್ದುಲಸಾಬ ತನ್ನದೊಂದು ಟೇಪು, ಖಾಲಿ ಕ್ಯಾಸೆಟ್ಟು ಹಿಡಿದು ಬಂದ. ಮೊದಲು ಚಂದಪ್ಪನ ಕ್ಯಾಸೆಟ್ಟಿನ ಬೆನ್ನಿನ ಎರಡು ಸಣ್ಣ ಹಲ್ಲುಗಳನ್ನು ಪಟ್ಟನೆ ಮುರಿದ.

“ಯಣ್ಣಾ, ಮುರದ ಬಿಟ್ರೆಲ್ರಿ!” ಮಾದೇವಿ ಎದೆ ಹಿಡಿದುಕೊಂಡಳು.

“ಮುರದಿದ್ದಕ್ಕ ಉಳೀತು, ತಂಗಿ. ಇದರಾಗ ದನಿ ಬರತೈತಿ ಖರೆ. ಆದ್ರ ಹಲ್ಲ ಇದ್ದಾಗ ತಪ್ಪ ಗುಂಡಿ ಒತ್ತಿದ್ರ ಅಳಸೀನೂ ಹೊಕ್ಕೈತಿ. ಇನ್ನ ಯಾರ ಏನ ಒತ್ತಿದ್ರೂ ಅಳಸೂದಿಲ್ಲ.”

ಎರಡೂ ಟೇಪುಗಳನ್ನು ಎದುರುಬದುರು ಇಟ್ಟ. “ಇದು ಮಾತಾಡತೈತಿ, ಅದು ಕೇಳಿ ತುಂಬಕೊಂತೈತಿ. ನಡಕ ಕೆಮ್ಮಿದ್ರ ಕೆಮ್ಮೂ ತುಂಬತೈತಿ. ಓಣ್ಯಾಗಿನ ಮಗ್ಗ ನಿಲ್ಲಬೇಕ್ರಿ, ಹನಮಕ್ಕ.”

ಓಣಿಯವರು ಗೊಣಗದೆ ಲಾಳಿ ಕೆಳಗಿಟ್ಟರು. ಸಂಜೆಯೊಳಗೆ ಮದುವೆಯ ಸೀರೆ ಮುಗಿಸಬೇಕಿದ್ದ ಕನಕಪ್ಪನೂ ನಿಲ್ಲಿಸಿದ. “ತಗೋ ಯಕ್ಕಾ, ನಿಲ್ಲಸೇನಿ. ನಿನ್ನ ಮಗಾ ಅಷ್ಟ ದೊಡ್ಡ ಭಾಷಣಾ ಏನ ಮಾಡ್ಯಾನೋ!”

ಒಂದು ಬದಿ ಮುಗಿದು ಟೇಪಿನ ಗುಂಡಿ ಟಕ್ಕೆಂದಿತು. ಅಬ್ದುಲಸಾಬ ಎರಡೂ ಕ್ಯಾಸೆಟ್ಟುಗಳನ್ನು ತಿರುವಿ ಹಾಕಿದ. ಆ ಸದ್ದು ಕೇಳಿ ಎಲ್ಲ ಮುಗಿಯಿತೆಂದು ತಿಳಿದ ಕನಕಪ್ಪ, ಗೋಡೆಯಾಚೆ ನೇಯಲು ಶುರುಮಾಡಿದ. ಲಟಕ್, ಪಟಕ್. ಕೂಗುವಂತಿಲ್ಲ, ಕೂಗೂ ಅದರಲ್ಲಿ ಸೇರಿಬಿಡುತ್ತದೆ. ಅಬ್ದುಲಸಾಬ ಬೆರಳ ತುದಿಯಲ್ಲಿ ಎದ್ದು ಬಾಗಿಲ ಕಡೆ ಹೊರಟ. ಅಷ್ಟರಲ್ಲಿ ಟೇಪಿನೊಳಗೆ ಚಂದಪ್ಪ ನಕ್ಕ. ಹಿಂದೆ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತು ದಿನಾ ಕೂಗುತ್ತಿದ್ದ ಹಾಗೆಯೇ ಕೂಗಿದ: “ಯವ್ವಾ, ರೊಟ್ಟಿ ಆತೇನಬೇ?”

ಹನಮವ್ವ ಅಬ್ದುಲಸಾಬನ ಅಂಗಿಯ ತುದಿ ಹಿಡಿದು ಕೂರಿಸಿದಳು. ಮಗ್ಗ ನಡೆದೇ ಇತ್ತು.

ಎರಡನೇ ಬದಿಯೂ ಮುಗಿದ ಮೇಲೆ, ಸಂಗತಿ ತಿಳಿದ ಕನಕಪ್ಪ ಬಂದು ಬಾಗಿಲಲ್ಲಿ ನಿಂತ. “ನಾನ ಎಲ್ಲಾ ಕೆಡಿಸಿಬಿಟ್ಟೆ, ಯಕ್ಕಾ.”

“ತಂಗಿ ಮುಂದಿನ ಬಸ್ಸಿಗೆ ಹೋಗ್ಲಿ. ಇನ್ನೊಮ್ಮಿ ಮಾಡೂಣು,” ಎಂದ ಅಬ್ದುಲಸಾಬ.

ಹನಮವ್ವ ಮಗ ಕಳಿಸಿದ ಕ್ಯಾಸೆಟ್ಟನ್ನು ಸೊಸೆಯ ಗಂಟಿನಲ್ಲಿಟ್ಟಳು.

“ಅತ್ತಿ, ಚಲೋದು ನೀವ ಇಟಗೋರಿ. ಹೊಸಾದರಾಗ ಮಗ್ಗದ ಸಪ್ಪಳ ಕೂಡೇತಿ.”

“ಅದಕ್ಕ ನನಗ ಅದ ಬೇಕು. ನಿನ್ನ ಕ್ಯಾಸೆಟ್ಟಿನಾಗ ಅಂವಾ ಕುವೈತದಾಗ ಅದಾನ. ನನ್ನದರಾಗ ಮನ್ಯಾಗ ಅದಾನ.”

ಮಾದೇವಿಯನ್ನು ಬಸ್ಸು ಹತ್ತಿಸಿ ಬಂದು ಹನಮವ್ವ ಒಲೆ ಹೊತ್ತಿಸಿದಳು. ಕನಕಪ್ಪ ತಲೆ ತಗ್ಗಿಸಿಕೊಂಡು ಸೀರೆ ಮುಗಿಸುವ ಅವಸರದಲ್ಲಿದ್ದ. ಬಿಸಿ ರೊಟ್ಟಿ, ಕಾಳುಪಲ್ಯದ ತಾಟನ್ನು ಅವಳು ಅವನ ಮಗ್ಗದ ಕುಣಿಯ ಅಂಚಿಗೆ ಸದ್ದಿಲ್ಲದೆ ಸರಿಸಿದಳು.