ಪುಕ್ಕಟೆ ಗಾಯಕ

"ಹಾಡೋಕೂ ಸಂಬಳ ಬೇಕೇನೋ ನಿಂಗೆ? ನಮ್ಮನೆ ಹುಂಜ ದಿನಾ ಪುಕ್ಕಟೆ ಕೂಗುತ್ತೆ!" ಎಂದು ಚರ್ಚಿನ ಖಜಾಂಚಿ ಅಂಗಳದಲ್ಲಿ ಎಲ್ಲರೆದುರೇ ಅಂದರು. ಫಾದರ್ ಕೂಡ ಒಳಗೊಳಗೇ ನಕ್ಕರು. ಹೊಟ್ಟೆಪಾಡಿಗೆ ಗಾಯನವೃಂದವನ್ನೇ ನಂಬಿ, ಸಂಬಳ ಕೇಳಲು ಬಂದಿದ್ದ ಇನ್ನಾಸಿಗೆ ಮೈಯೆಲ್ಲ ಉರಿಯಿತು.

ಕೊರೊನಾ ಚರ್ಚಿನ ಬಾಗಿಲು ಮುಚ್ಚಿಸಿತು. ಇನ್ನಾಸಿ ಸೈಕಲ್ಲಿನಲ್ಲಿ ನಾಟಿಕೋಳಿ ಮಾರತೊಡಗಿದ. ಪ್ರತಿ ಭಾನುವಾರ ಮೊಬೈಲಿನಲ್ಲಿ ತೋರಿಸುವ ಪೂಜೆಗೆ ಖಜಾಂಚಿಯೇ ಹಾಡಿದರು. ಆ ಹಾಡು ತಡೆಯಲಾರದೆ ಊರವರೆಲ್ಲ ಪಕ್ಕದೂರಿನ ಚರ್ಚಿನ ಪೂಜೆ ನೋಡತೊಡಗಿದರು. ಕಾಣಿಕೆಯೂ ಅತ್ತಲೇ ಹರಿಯಿತು.

ಕ್ರಿಸ್‌ಮಸ್ ಹತ್ತಿರ ಬಂದಾಗ ಖಜಾಂಚಿ ಬೀದಿಯಲ್ಲೇ ಸೈಕಲ್ ಅಡ್ಡಗಟ್ಟಿದರು.

"ಇನ್ನಾಸಪ್ಪಾ, ಚರ್ಚಿನ ಮಾನ ಉಳಿಸಪ್ಪ. ಬಂದು ಹಾಡು."

"ಸಂಬಳ?"

"ದೇವ್ರ ಕೆಲ್ಸ ಅಲ್ವೇನೋ, ಈ ಸಲ ಪುಕ್ಕಟೆ ಹಾಡಿಬಿಡು."

ಇನ್ನಾಸಿ ಬುಟ್ಟಿಯಿಂದ ಒಂದು ಹುಂಜ ತೆಗೆದು ಅವರ ಕೈಗಿಟ್ಟು, ಸೈಕಲ್ ತಳ್ಳಿಕೊಂಡು ನಡೆದ.