ಐದನೇ ದಿನದ ಗೋಧಿ ಬಿಯರ್

“ಇದು ಸತ್ತದ ನೋಡ್ರಿ,” ಎಂದರು ನಾಗಲಿಂಗಪ್ಪ. ರೋಗಿಯ ಎದೆಗೆ ಕಿವಿ ಕೊಟ್ಟವರಂತೆ ಬಿಯರ್ ಬಕೆಟ್ಟಿನ ಮುಚ್ಚಳಕ್ಕೆ ಕಿವಿಯಿಟ್ಟಿದ್ದರು.

ಸ್ಟ್ಯಾನಿಸ್ಲಾಸ್ ತನ್ನ ಗ್ಯಾರೇಜಿನ ಸ್ಟೂಲಿನಿಂದ ಏಳಲಿಲ್ಲ. ಸೊಂಟ ನೋಯುತ್ತಿತ್ತು. “ಸತ್ತಿಲ್ಲ ಡಾಕ್ಟ್ರೇ. ಇವತ್ತು ಐದನೇ ದಿನ. ಗೋಧಿ ಬಿಯರ್ ಮೂರು ದಿನ ಕುಣೀತದೆ, ಆಮೇಲೆ ಸುಮ್ಮನಾಗ್ತದೆ.”

“ಮುಚ್ಚಳಾ ತಗದ್ ನೋಡ್ಲೇನ್ರಿ?”

“ಬೇಡ ಮಾರಾಯ್ರೇ. ಗಾಳಿ ತಾಗಿದ್ರೆ ಹುಳಿಯಾಗ್ತದೆ.”

“ಹಂಗಾರ ಬಾಯ್ಲರ್ ಬಾಜೂಕ ಇಡೂಣು. ನಮ್ಮ ಮನ್ಯಾಗ ದ್ವಾಸಿ ಹಿಟ್ಟು ಅಲ್ಲೇ ಇಡತಾರ.”

“ಇದು ದೋಸೆ ಹಿಟ್ಟಲ್ಲ. ಇಪ್ಪತ್ತೆರಡು ಡಿಗ್ರಿ ದಾಟಿದ್ರೆ ಬರೀ ಬಾಳೆಹಣ್ಣಿನ ವಾಸನೆ. ಈ ಗ್ಯಾರೇಜೇ ಸಾಕು, ಒಂದು ಕಂಬಳಿ ಸುತ್ತಿಡುವ.”

ನಾಗಲಿಂಗಪ್ಪ ಚೀಟಿಯಲ್ಲಿ ಬರೆದುಕೊಂಡರು. ಅವರು ಅರಿವಳಿಕೆ ಕೊಡುತ್ತಿದ್ದ ಆಸ್ಪತ್ರೆಯಲ್ಲೇ ಸ್ಟ್ಯಾನಿಸ್ಲಾಸ್ ಟ್ರಾಲಿ ತಳ್ಳುತ್ತಿದ್ದ. ಈಗ ಇಬ್ಬರೂ ನಿವೃತ್ತರು, ಈ ಪರದೇಶದ ಈಸ್ಟ್ ಹ್ಯಾಮಿನಲ್ಲಿ ಒಂದೇ ಬೀದಿಯವರು. ನಾಳೆಯಿಂದ ಈ ಪಾಠ ಬೇಡವೆಂದು ಡಾಕ್ಟರ ಹೆಂಡತಿ ಪ್ರಭಾಗೆ ಹೇಳಿಬಿಡಬೇಕೆಂದು ಸ್ಟ್ಯಾನಿಸ್ಲಾಸ್ ಬೆಳಿಗ್ಗೆಯೇ ತೀರ್ಮಾನಿಸಿದ್ದ. ಹೇಳಿದರೆ, ಗಂಡ ಮನೆಯಲ್ಲಿಲ್ಲದ ಆ ಒಂದು ಗಂಟೆಯೂ ಆಕೆಗೆ ತಪ್ಪುತ್ತದೆ. ಅದೇ ಸಂಕಟ.

“ಬಕೆಟ್ಟಿನ ನಲ್ಲಿಯಿಂದ ಸ್ವಲ್ಪ ಹಿಡೀರಿ,” ಎಂದ. “ಎರಡು ದಿನ ಅಳತೆಕಡ್ಡಿ ಒಂದೇ ಅಂಕಿ ತೋರಿಸಿದ್ರೆ ಬಾಟಲಿಗೆ ತುಂಬಿಸುವ. ಅವಸರ ಮಾಡಿದ್ರೆ ಬಾಟಲಿ ಸಿಡೀತದೆ.”

ನಾಗಲಿಂಗಪ್ಪ ಉದ್ದನೆಯ ಜಾಡಿಗೆ ಹಿಡಿದರು. ಸಕ್ಕರೆ ಎಷ್ಟು ಉಳಿದಿದೆಯೆಂದು ತೋರಿಸುವ ಅಳತೆಯ ಗಾಜಿನ ಕಡ್ಡಿಯನ್ನು ಅದರಲ್ಲಿ ತೇಲಿಬಿಟ್ಟು ಬೆರಳ ತುದಿಯಿಂದ ಗಿರ್ರನೆ ತಿರುಗಿಸಿದರು. ಅಂಟಿಕೊಂಡಿದ್ದ ಗುಳ್ಳೆಗಳು ಬಿಟ್ಟುಕೊಂಡವು. ಹಾಗೆ ತಿರುಗಿಸಬೇಕೆಂದು ಸ್ಟ್ಯಾನಿಸ್ಲಾಸ್ ಹೇಳಿರಲಿಲ್ಲ.

“ಡಾಕ್ಟ್ರ ಕೈ ಅಲ್ವಾ,” ಎಂದು ಮುಖ ಆಚೆ ತಿರುಗಿಸಿದ.

“ನಿಮ್ದು ಮೊದಲ್ನೇದು ಕೆಟ್ಟಿತ್ತೇನ್ರಿ?”

“ಕೆಟ್ಟಿತ್ತು. ಇಪ್ಪತ್ತು ಲೀಟರ್ ಮೋರಿಗೆ ಸುರಿದೆ. ಕಲಿಸಿದವರು ಬೈಲಿಲ್ಲ. ನಾಳೆ ಬರ್ತೇನೆ, ಇನ್ನೊಂದು ಮಾಡುವ ಅಂದ್ರು.”

“ಭಾಳ ಸಮಾಧಾನದ ಮನಷ್ಯಾ ಇರಬೇಕು.”

“ಹೌದು.”

ಹನ್ನೊಂದಕ್ಕೆ ಪ್ರಭಾ ಬಂದರು. ಗಂಡನ ಕೋಟಿನ ಗುಂಡಿ ಹಾಕಿ, ಅವರನ್ನು ಗೇಟಿನ ಹತ್ತಿರ ನಿಲ್ಲಿಸಿ, ಒಬ್ಬರೇ ತಿರುಗಿ ಬಂದರು.

“ಇವತ್ತೂ ಆ ಮೊದಲ್ನೇ ಬಿಯರಿನ ಮಾತ ಕೇಳಿದ್ರೇನ್ರಿ?”

“ಅದನ್ನೇ.”

“ನಿನ್ನೆ ಹೇಳಿದ್ದು ಇವತ್ತ ನೆನಪಿರೂದಿಲ್ಲ ಅವರಿಗೆ. ದಿನಾ ಮೊದಲಿಂದ ಹೇಳಿ ನಿಮಗೂ ಸಾಕಾಗಿರಬೇಕು. ಬ್ಯಾಡಂದ್ರ ಹೇಳಿಬಿಡ್ರಿ, ನಾ ಏನೂ ಅನ್ಕೊಳ್ಳೂದಿಲ್ಲ.”

ಸ್ಟ್ಯಾನಿಸ್ಲಾಸ್ ಗೋಡೆ ಹಿಡಿದು ಎದ್ದ. “ನಾಳೆ ಹತ್ತಕ್ಕೆ ಕಳಿಸಿ, ಅಮ್ಮ.”

ಇಪ್ಪತ್ತೆರಡು ವರ್ಷಗಳ ಹಿಂದೆ, ಇದೇ ಗ್ಯಾರೇಜಿನಲ್ಲಿ, ಅವನಿಗೆ ಬಿಯರ್ ಮಾಡಲು ಕಲಿಸಿದವರು ನಾಗಲಿಂಗಪ್ಪ.