ಬಿಡುವಿಲ್ಲದ ಗುರುಪಾದ

"ಏನ್ರೀ ಇಂದುಧರ, ನಿಮ್ಮ ಸರ್ವರ್‌ಗೆ ಕಣ್ಣಿಲ್ವೇನ್ರೀ?" ಮ್ಯಾನೇಜರ್ ಗುಡುಗಿದರು. "ಗುರುಪಾದ ಬೆಳಗಿನಿಂದ ಒಂದು ಕೀನೂ ಒತ್ತಿಲ್ಲ ಅಂತ ತೋರಿಸ್ತಿದೆ. ಪಾಪ, ಕುಟ್ಟಿ ಕುಟ್ಟಿ ಅವನ ಬೆರಳೇ ಸವೆದಿರಬೇಕು!"

ಯಾರು ಕೀಬೋರ್ಡ್ ಮುಟ್ಟಿ ಎಷ್ಟು ಹೊತ್ತಾಯಿತು ಎಂದು ಲೆಕ್ಕ ಇಡುವ ಆ ಯೂನಿಕ್ಸ್ ಸರ್ವರ್ ಇಂದುಧರನ ಸುಪರ್ದಿನಲ್ಲಿತ್ತು. ಅವನು ಅದರ ಗಡಿಯಾರ ನೋಡಿದ, ಗುರುಪಾದನ ಟರ್ಮಿನಲ್‌ನ ದಾಖಲೆ ನೋಡಿದ, ಬೇರೆಯವರ ಲೆಕ್ಕವನ್ನೂ ತಾಳೆ ಹಾಕಿದ.

"ಐಡಲ್ ಟೈಮ್, ಅಂದ್ರೆ ಕೀ ಒತ್ತದೆ ಕಳೆದ ಹೊತ್ತು, ಸರಿಯಾಗೇ ಇದೆ ಸಾರ್."

"ಹಾಗಾದ್ರೆ ನನ್ನ ಕಿವಿ ಕೆಟ್ಟಿದೆಯಾ? ಈ ಪ್ಲೈವುಡ್ ಗೋಡೆ ಆಚೆ ಕೇಳ್ರೀ. ಸಂಜೆಯೊಳಗೆ ರಿಪೇರಿ ಆಗದಿದ್ರೆ ನಾಳೆಯಿಂದ ನೀವು ಬರೋದೇ ಬೇಡ."

ಇಂದುಧರ ಕಿವಿಗೊಟ್ಟ. ಟಕಟಕ, ಟಕಟಕ. ನಿಜವೇ. ಕೆಲಸ ಹೋಯಿತು ಅಂದುಕೊಂಡ.

"ಎಂಥಾ ಶ್ರದ್ಧೆ ನೋಡ್ರೀ! ಸಾಲು ಮುಗಿದಾಗಲೆಲ್ಲ ಟಿಣ್ ಅಂತ ಗಂಟೆ ಬೇರೆ."

"ಕಂಪ್ಯೂಟರ್‌ಗೆ ಗಂಟೆ ಎಲ್ಲಿಂದ ಬಂತು ಸಾರ್? ಅದು ಹಳೇ ಟೈಪ್‌ರೈಟರ್‌ದಲ್ವಾ?" ಎನ್ನುತ್ತಾ ಇಂದುಧರ ಕುರ್ಚಿ ಹತ್ತಿ ಗೋಡೆಯಾಚೆ ಇಣುಕಿದ.

ಗುರುಪಾದ ಕಾಲು ಚಾಚಿಕೊಂಡು, ಎರಡೂ ಕೈಯಲ್ಲಿ ಕಡಲೆಕಾಯಿ ಬಿಡಿಸುತ್ತಾ, ನಾಲಿಗೆಯಲ್ಲೇ ಟಕಟಕ ಕುಟ್ಟಿ ಇನ್ನೊಂದು ಸಾಲು ಮುಗಿಸಿದ: "ಟಿಣ್."